ಸೀಳುಬಂಡೆಯ ಬಲಕ್ಕೆ

ಉತ್ತರದ ಹಿಮನಾಡಿನ ಸಾವೊ ಸೀಮೆಯ ಜನ ಮಗಳ ಮದುವೆಗೆ ಹೊಲ ಬರೆದುಕೊಟ್ಟಾರು, ಅಳಿಯ ಆಸೆಪಟ್ಟರೆ ದೋಣಿಯನ್ನೂ ಬಿಟ್ಟುಕೊಟ್ಟಾರು. ಅಣಬೆ ಸಿಗುವ ಜಾಗವನ್ನು ಮಾತ್ರ ಬಾಯಿ ಬಿಡಲಾರರು. ಅದು ಸಾಯುವ ಹೊತ್ತಿನಲ್ಲಿ ಒಬ್ಬರ ಕಿವಿಯಲ್ಲಿ ಉಸುರಿ ಹೋಗುವ ಮಾತು. ಲೆಂಪಿಗೆ ಅವಳ ಅಜ್ಜಿ ಹೇಳಿದ್ದೂ ಹಾಗೆಯೇ. ಪಾಪ, ದಾರಿಯ ಕೊನೆಯ ತಿರುವು ಹೇಳುವಷ್ಟರಲ್ಲಿ ಅಜ್ಜಿ ಕಣ್ಣು ತೇಲಿಸಿಬಿಟ್ಟಳು. ಆ ಒಂದು ತಿರುವು ಹುಡುಕಲು ಲೆಂಪಿಗೆ ಎರಡು ಶರತ್ಕಾಲ ಹಿಡಿಯಿತು.

ಈಗ ಲೆಂಪಿಗೆ ಎಪ್ಪತ್ತೊಂಬತ್ತು. ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ. ಬರ್ಚ್ ಎಲೆ ಹಳದಿ ತಿರುಗಿದೊಡನೆ ಮನೆಯವರೆಲ್ಲ ಕೆರೆದಂಡೆಯ ಕಾಡುಮನೆಗೆ ಬಂದು ಒಂದು ವಾರ ಇರಬೇಕು. ಸೌದೆ ಒಟ್ಟಿ, ದೋಣಿ ಮಗುಚಿ, ಪಂಪಿನ ನೀರು ಬಸಿದು, ಚಳಿಗಾಲಕ್ಕೆ ಮನೆ ಮುಚ್ಚಬೇಕು. ಆ ವಾರದಲ್ಲಿ ಒಂದು ದಿನ ಲೆಂಪಿ ಬಕೆಟ್ಟು ಹಿಡಿದು ಒಬ್ಬಳೇ ಕಾಡಿಗೆ ಹೋಗುವಳು. ಎರಡು ಗಂಟೆಯಲ್ಲಿ ಬಕೆಟ್ಟಿನ ಅಂಚಿನವರೆಗೆ ಆಲಿಕೆ ಅಣಬೆ ತುಂಬಿಕೊಂಡು ಬರುವಳು. ಕಂದು ಟೊಪ್ಪಿಗೆ, ಹಳದಿ ಕಾಲು, ಒಳಗೆಲ್ಲ ಟೊಳ್ಳು. ಬೆಣ್ಣೆಯಲ್ಲಿ ಹುರಿದರೆ ಇಡೀ ಮನೆ ಕಾಡಿನ ವಾಸನೆ ಹೊಡೆಯುವುದು.

ಆ ಶರತ್ಕಾಲ ಸೊಸೆ ಹಿಲ್ಲೆವಿ ಒಬ್ಬಳೇ ಬಂದಳು. ಅವಳ ಗಂಡ, ಲೆಂಪಿಯ ಮಗ ವೆಸಾ, ಫೆಬ್ರವರಿಯಲ್ಲಿ ಹಿಮದ ಹಾದಿಯಲ್ಲಿ ಸ್ಕೀ ಕಟ್ಟಿಕೊಂಡು ಹೋಗುತ್ತಿದ್ದವನು ಹಾಗೇ ಮುಗ್ಗರಿಸಿ ಬಿದ್ದಿದ್ದ. ಏಳಲಿಲ್ಲ. ನಲವತ್ತೆಂಟಕ್ಕೇ ಹೃದಯ ನಿಂತಿತ್ತು.

"ಬಂದ್ಯಾ?" ಅಂದಳು ಲೆಂಪಿ ಬಾಗಿಲಲ್ಲಿ ನಿಂತು. "ಬೂಟ್ಸು ಹೊರಗೇ ಬಿಡು. ಪಟ್ಟಣದ ಕೆಸರು ನಮ್ಗೆ ಬೇಡ, ನಮ್ದೇ ಬೇಕಾದಷ್ಟಿದೆ."

ಬಾಗಿಲ ಪಕ್ಕದ ಮೊಳೆಗಳಲ್ಲಿ ಮೂರು ಬೀಗದ ಕೈಗಳು ತೂಗುತ್ತಿದ್ದವು. ಒಂದೊಂದಕ್ಕೂ ಬರ್ಚ್ ಮರದ ಬಿಲ್ಲೆ, ಬಿಲ್ಲೆಯ ಮೇಲೆ ವೆಸಾ ಚಾಕುವಿನಲ್ಲಿ ಕೆತ್ತಿದ ಹೆಸರು: ಲೆಂಪಿ, ಮೆರ್ವಿ, ವೆಸಾ. ಹಿಲ್ಲೆವಿಗೆ ಬೇಕಾಗಿದ್ದದ್ದು ಆ ಮೂರನೆಯದು. ಬೇರೇನೂ ಬೇಡ. ಮನೆಯಿಂದ ಕೆರೆಗೆ ಇಳಿಯಲು ವೆಸಾ ಹನ್ನೆರಡು ಮರದ ಮೆಟ್ಟಿಲು ಕಟ್ಟಲು ಹೊರಟಿದ್ದ. ಹನ್ನೊಂದು ಮುಗಿಸಿ ಹೋಗಿದ್ದ. ಆ ಹನ್ನೊಂದನೆಯದರ ಮೇಲೆ ಕೂತು, ಕಾಲು ಚಾಚಿ, ವರ್ಷಕ್ಕೊಮ್ಮೆ ಕೆರೆ ನೋಡುವಷ್ಟು ಹಕ್ಕು ಸಿಕ್ಕರೆ ಸಾಕಾಗಿತ್ತು ಅವಳಿಗೆ. ಯಾರ ಅಪ್ಪಣೆಯನ್ನೂ ಕೇಳದೆ, ತನ್ನದೇ ಕೈಯಿಂದ ಬೀಗ ತೆಗೆದು.

ಮೊದಲ ಎರಡು ದಿನ ಬಿಸಿಲು ಬಿದ್ದಿತು. ಗೋಡೆಗೆ ಬಣ್ಣ ಹೊಡೆಯಲು ಇನ್ನು ಇದೇ ಕೊನೆಯ ಅವಕಾಶ. ಅಂಗಳದಲ್ಲಿ ಒಲೆ ಹೂಡಿ, ದೊಡ್ಡ ಕೊಪ್ಪರಿಗೆಯಲ್ಲಿ ನೀರು, ಅನ್ನಭೇದಿಯ ಹಸಿರು ಹರಳು, ರೈ ಧಾನ್ಯದ ಹಿಟ್ಟು, ಕೆಮ್ಮಣ್ಣು ಹಾಕಿ ಬಣ್ಣ ಕಾಯಿಸಿದರು. ಅಂಬಲಿಯಂತೆ ಗುಳುಗುಳು ಅನ್ನುತ್ತಾ ಕುದಿಯುವ ಕೆಂಪನ್ನು ಹಿಲ್ಲೆವಿ ಉದ್ದನೆಯ ಕೋಲಿನಿಂದ ತಿರುವುತ್ತಿದ್ದಳು. ಕೆರೆಯಾಚೆಯ ಕಾಡು ಬೆಂಕಿ ಹತ್ತಿದಂತೆ ಕೆಂಪು, ಹಳದಿ. ನೀರಿನಲ್ಲೂ ಅದೇ ಬೆಂಕಿ, ತಲೆಕೆಳಗಾಗಿ. ಎಷ್ಟೋ ತಿಂಗಳ ಮೇಲೆ ಅವಳಿಗೆ ಉಸಿರು ಎದೆಯ ತಳದವರೆಗೆ ಇಳಿಯಿತು. ಆ ಸುಖದ ಧೈರ್ಯದಲ್ಲೇ ಕೇಳಿಬಿಟ್ಟಳು:

"ಅತ್ತೆ, ವೆಸಾನ ಬೀಗದ ಕೈ ನಾನಿಟ್ಕೊಳ್ಲಾ?"

"ತಳ ಹಿಡೀತಿದೆ, ತಿರುವು," ಅಂದಳು ಲೆಂಪಿ. ಕೊಪ್ಪರಿಗೆಗೆ ಇನ್ನೊಂದು ಮುಷ್ಟಿ ಹಿಟ್ಟು ಉದುರಿಸಿ, "ಅದು ಮನೆಯವರಿಗೆ ಕಣೇ ಹುಡುಗಿ. ಮೊದ್ಲು ಕೆಲ್ಸ ನೋಡೋಣ."

ಏಣಿಯ ಮೇಲಿಂದ ಮೆರ್ವಿ ನಕ್ಕಳು. ಲೆಂಪಿಯ ಮಗಳು, ವೆಸಾನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. "ಕೆಲ್ಸಾನಾ? ಅವ್ಳು ಹಚ್ಚಿದ ಗೋಡೆ ನೋಡಮ್ಮ. ಹಸು ನೆಕ್ಕಿದ ಹಾಗಿದೆ."

"ಹಸುಗಾದ್ರೂ ನಾಲಿಗೆ ಒರಟಾಗಿರುತ್ತೆ," ಅಂದಳು ತಾಯಿ.

ಹಿಲ್ಲೆವಿಯೂ ನಕ್ಕಳು. ಹನ್ನೆರಡು ವರ್ಷದಿಂದ ಹಾಗೆ ನಗುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಮೂರನೆಯ ದಿನವಿಡೀ ಅವಳು ಸೌದೆ ಒಟ್ಟಿದಳು. ಸೀಳಿದ ಬರ್ಚ್ ತುಂಡುಗಳನ್ನು ಕೊಟ್ಟಿಗೆಯ ಗೋಡೆಗೆ ಸಾಲಾಗಿ, ಎದೆಯೆತ್ತರ ಜೋಡಿಸಿ, ಅಂಗೈ ಬೊಬ್ಬೆ ಎದ್ದು ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಲೆಂಪಿ ಒಟ್ಟಿಲನ್ನೆಲ್ಲ ನೆಲಕ್ಕುರುಳಿಸಿ ಮತ್ತೆ ಒಂದೊಂದಾಗಿ ಇಡುತ್ತಿದ್ದಳು.

"ತೊಗಟೆ ಮೇಲ್ಮುಖ ಇರ್ಬೇಕು. ನೀನು ಒಟ್ಟಿದ್ದಲ್ಲ, ಎಸೆದಿದ್ದು."

"ನಾನು ಮಾಡ್ತೀನಿ ಬಿಡಿ ಅತ್ತೆ, ನಿಮ್ಗೆ ಮಂಡಿ..."

"ನನ್ ಮಂಡಿ ವಿಷ್ಯ ನಂಗೆ ಗೊತ್ತು."

ಆ ಮಧ್ಯಾಹ್ನ ಹಿಲ್ಲೆವಿ ಯಾರಿಗೂ ಹೇಳದೆ ಹನ್ನೆರಡನೆಯ ಮೆಟ್ಟಿಲು ಕಟ್ಟಿದಳು. ವೆಸಾ ಕೊಯ್ದಿಟ್ಟ ಹಲಗೆ ದೋಣಿಮನೆಯಲ್ಲೇ ಇತ್ತು, ಅವನ ಪೆನ್ಸಿಲ್ ಗುರುತಿನ ಸಮೇತ. ಗುರುತು ಇದ್ದಲ್ಲೇ ಮೊಳೆ ಹೊಡೆದಳು. ಸ್ವಲ್ಪ ವಾಲಿತು. ಆದರೆ ನಿಂತಿತು.

ಕಾಡುಮನೆಯಲ್ಲಿ ಒಂದು ಪುಸ್ತಕವಿತ್ತು. ಪ್ರತಿ ಸಂಜೆ ಲೆಂಪಿ ಕನ್ನಡಕ ಏರಿಸಿ ಅದರಲ್ಲಿ ದಿನದ ಸಮಾಚಾರ ಬರೆಯುವಳು: ಹವೆ, ಮೀನು, ಆದ ಕೆಲಸ, ಇದ್ದ ಜನ. ಹಿಂದೊಮ್ಮೆ ಹಿಲ್ಲೆವಿ ಹಳೆಯ ಪುಟಗಳನ್ನು ತಿರುವಿದ್ದಳು. ಹನ್ನೆರಡು ಶರತ್ಕಾಲದಲ್ಲೂ ಒಂದೇ ಒಕ್ಕಣೆ: 'ವೆಸಾ ಮತ್ತು ಅತಿಥಿ ಬಂದರು.' ಅವಳ ಹೆಸರು ಒಂದು ಕಡೆಯೂ ಇರಲಿಲ್ಲ. "ಅಮ್ಮನ ಕೈಬರಹ ಹಳೇ ಕಾಲದ್ದು, ಬದಲಾಗೋಕೆ ಟೈಮ್ ಬೇಕು," ಅಂದಿದ್ದ ವೆಸಾ. ಈ ಸಂಜೆ ಲೆಂಪಿ ಬರೆದದ್ದು: 'ಮೋಡ. ಆರು ಡಿಗ್ರಿ. ಸೌದೆ ಒಟ್ಟಿಯಾಯಿತು. ಅತಿಥಿ ಮೆಟ್ಟಿಲು ರಿಪೇರಿಗೆ ಕೈ ಹಾಕಿದಳು.'

ಪುಸ್ತಕ ಮುಚ್ಚಿ ಮುದುಕಿ ತಲೆ ಎತ್ತಿದಳು. "ನಾಳೆ ಬಕೆಟ್ಟು ತಗೋ. ನಿನ್ನನ್ನ ಆ ಜಾಗಕ್ಕೆ ಕರ್ಕೊಂಡು ಹೋಗ್ತೀನಿ."

ಮೆರ್ವಿ ಬ್ರಷ್ಷು ತೊಳೆಯುತ್ತಿದ್ದವಳು ಹಾಗೇ ನಿಂತಳು. ಐವತ್ತೆರಡು ವರ್ಷದ ಹೆಂಗಸು. ಪ್ರತಿ ಶನಿವಾರ ತಾಯಿಯ ಮನೆಗೆ ಹೋಗಿ ನೆಲ ಒರೆಸುವವಳು, ಚಳಿಗಾಲದಲ್ಲಿ ಮಾಡಿನ ಹಿಮ ಕೆರೆಯುವವಳು. ಅವಳ ಮುಖ ಪೆಟ್ಟು ತಿಂದ ಮಗುವಿನದಂತಾಯಿತು.

"ಇವ್ಳನ್ನಾ?"

"ನಿಂಗೇನು? ನಿಂಗೆ ನಾನು ಸಾಯೋವಾಗ ಹೇಳ್ತೀನಲ್ಲ," ಅಂದಳು ಲೆಂಪಿ ತಣ್ಣಗೆ.

ಹಿಲ್ಲೆವಿ ಎದ್ದು ಬಕೆಟ್ಟು ತಂದು ಬಾಗಿಲ ಬಳಿ ಇಟ್ಟಳು. ಮಾತಾಡಿದ್ದರೆ ಬಾಯಿ ತಪ್ಪಿ ಹೊರಬರುತ್ತಿದ್ದ ವಿಷಯವೊಂದಿತ್ತು. ಆ ಜಾಗ ಅವಳಿಗೆ ಗೊತ್ತಿತ್ತು.

ಎರಡು ವರ್ಷದ ಹಿಂದೆ ವೆಸಾ ತೋರಿಸಿದ್ದ. ಏಳು ವರ್ಷದವನಿದ್ದಾಗ ಬೂಟ್ಸು ಬಿಚ್ಚಿಟ್ಟು, ಬರೀ ಕಾಲುಚೀಲದಲ್ಲಿ, ಸಪ್ಪಳವಾಗದಂತೆ ತಾಯಿಯ ಹಿಂದೆ ಹೋಗಿದ್ದನಂತೆ. ಕಾಡಿನ ನಡುವೆ ಸಿಡಿಲು ಹೊಡೆದು ಎರಡಾದ ಸೀಳುಬಂಡೆ, ಅಲ್ಲಿಂದ ಬಲಕ್ಕೆ, ಹಿಂದಿನವರು ಮರದ ರಾಳ ಇಳಿಸುತ್ತಿದ್ದ ಹಳೆಯ ಗುಂಡಿ ದಾಟಿದರೆ ಮೂರು ದೊಡ್ಡ ಸ್ಪ್ರೂಸ್ ಮರ, ಅವುಗಳ ಬುಡದಲ್ಲಿ ಪಾಚಿಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಅಣಬೆ. ಬಂಡೆಯ ಹಿಂದೆ ಅವಿತು ನೋಡಿದ ಹುಡುಗ ನಲವತ್ತು ವರ್ಷ ಬಾಯಿ ಬಿಡಲಿಲ್ಲ. "ಅಮ್ಮನಿಗೆ ಗೊತ್ತಾದ್ರೆ ತೊಗಲು ಸುಲೀತಾಳೆ. ಮೆರ್ವಿಗೆ ಗೊತ್ತಾದ್ರೆ ಇನ್ನೂ ಕಷ್ಟ, ಅವ್ಳು ಅಳ್ತಾಳೆ. ಯಾರಿಗೂ ಹೇಳಲ್ಲ ಅಂತ ಆಣೆ ಇಡು." ಹಿಲ್ಲೆವಿ ನಗುತ್ತಾ ಪಾಚಿಯ ಮೇಲೆ ಅಂಗೈ ಊರಿ ಆಣೆ ಇಟ್ಟಿದ್ದಳು. ಪಾಚಿ ಬೆಕ್ಕಿನ ಮೈಯಂತೆ ಬೆಚ್ಚಗಿತ್ತು.

ಮರುದಿನ ಅತ್ತೆ ಸೊಸೆ ಕಾಡು ಹೊಕ್ಕರು. ಅಂಥ ಬೆಳಗು ವರ್ಷಕ್ಕೆ ಎರಡೋ ಮೂರೋ. ರಾತ್ರಿ ಮಂಜು ಬಿದ್ದು ಜೇಡರ ಬಲೆಯೆಲ್ಲ ಬೆಳ್ಳಿಯಾಗಿತ್ತು; ಕಾಲಿಗೆ ಕೆಂಪು ಕಾಡುಹಣ್ಣು ಚಿಟ್‌ಚಿಟ್ ಎಂದು ಒಡೆಯುತ್ತಿತ್ತು; ಗಾಳಿಯಿಲ್ಲದೆಯೂ ಒಂದೊಂದು ಹಳದಿ ಎಲೆ ತಾನಾಗಿ ಕಳಚಿ, ಅವಸರವಿಲ್ಲದೆ ಇಳಿಯುತ್ತಿತ್ತು. ಲೆಂಪಿ ಕೋಲೂರಿ ಮುಂದೆ ನಡೆದಳು. ಹಿಲ್ಲೆವಿ ಹಿಂದೆ, ಖಾಲಿ ಬಕೆಟ್ಟು ಸದ್ದಾಗದಂತೆ ತೊಡೆಗೆ ಒತ್ತಿ ಹಿಡಿದು. ಮನಸ್ಸಿನಲ್ಲೇ ತಾಲೀಮು ಮಾಡುತ್ತಿದ್ದಳು: ಅಣಬೆ ಕಂಡಾಗ ಎಷ್ಟು ಬೆರಗುಪಡಬೇಕು, ಏನೆಂದು ಉದ್ಗರಿಸಬೇಕು, ಮೊದಲೇ ನೋಡಿದ್ದೇನೆಂಬುದು ಕಣ್ಣಲ್ಲಿ ಕಾಣದಂತೆ ಹೇಗೆ ನೋಡಬೇಕು. ಜಾಗ ಸಿಕ್ಕಮೇಲೆ ಬೀಗದ ಕೈ ಎಷ್ಟರದು!

ಸೀಳುಬಂಡೆ ಬಂತು. ಲೆಂಪಿ ಒಂದು ಗಳಿಗೆ ನಿಂತು, ಉಸಿರು ತಿರುಗಿಸಿಕೊಂಡಳು.

ಎಡಕ್ಕೆ ತಿರುಗಿದಳು.

ಮುದುಕಿ ಸುತ್ತು ದಾರಿ ಹಿಡಿದಿರಬೇಕು ಅಂದುಕೊಂಡಳು ಹಿಲ್ಲೆವಿ. ಮುಂದೆಲ್ಲೋ ಬಲಕ್ಕೆ ಹೊರಳುತ್ತಾಳೆ. ಈಗ. ಆ ಬಿದ್ದ ಮರ ದಾಟಿದ ಮೇಲೆ. ಆದರೆ ನೆಲ ಮೆತ್ತಗಾಗುತ್ತಾ, ನೀರು ಜಿನುಗುತ್ತಾ ಹೋಗಿ, ಕುಳ್ಳ ಪೈನ್ ಮರಗಳ ಬೋಳು ಜೌಗು ಬಂತು. ಲೆಂಪಿ ಒಣ ಬೊಡ್ಡೆಯೊಂದನ್ನು ಹುಡುಕಿ ಕೂತಳು.

"ಇದೇ ಜಾಗ. ನಮ್ಮಜ್ಜಿ ತೋರಿಸಿದ್ದು. ಹುಡ್ಕು."

ಹಿಲ್ಲೆವಿ ಹುಡುಕಿದಳು. ಒಂದು ಗಂಟೆ, ಬೂಟ್ಸಿನೊಳಗೆ ನೀರು ಕಚಪಚ ಅನ್ನುವವರೆಗೆ, ಬೆನ್ನು ಬಾಗಿಸಿ ಹುಡುಕಿದಳು. ಬೊಡ್ಡೆಯ ಮೇಲೆ ಕೂತು ಮುದುಕಿ ಬ್ರೆಡ್ಡು ತಿನ್ನುತ್ತಾ, "ಆ ಪೊದೆ ಕೆಳಗೆ. ಅಲ್ಲಲ್ಲ, ಕೈ ಹಾಕಿ ನೋಡು. ಇನ್ನೂ ಬಗ್ಗು," ಎನ್ನುತ್ತಿದ್ದಳು. ಅಲ್ಲಿ ಕಪ್ಪೆಯಲ್ಲದೆ ಏನೂ ಇರಲಿಲ್ಲ.

"ಈ ವರ್ಷ ಎದ್ದಿಲ್ಲ," ಅಂದಳು ಕೊನೆಗೆ. "ಯಾರ ಕಾಲ್ಗುಣವೋ."

ಹಿಲ್ಲೆವಿ ನೆಟ್ಟಗಾದಳು. ನಿಜ ಹೇಳಲು ಮುದುಕಿಗೆ ಇನ್ನೊಂದು ಅವಕಾಶ ಕೊಡೋಣ ಅನ್ನಿಸಿತು. ತೀರಾ ಮೆಲ್ಲಗೆ, "ಸಿಗದಿದ್ರೆ ಬೇಡ ಅತ್ತೆ. ನೀವು ನಂಗೆ ತೋರಿಸಿದ್ರಲ್ಲ, ಅಷ್ಟೇ ಸಾಕು. ಥ್ಯಾಂಕ್ಸ್," ಅಂದಳು.

ಲೆಂಪಿ ಅವಳ ಕೆನ್ನೆ ತಟ್ಟಿದಳು. "ಒಳ್ಳೇ ಹುಡುಗಿ."

ಸಂಜೆ ಹಬೆಸ್ನಾನಕ್ಕೆ ಸೌನಾ ಕಾಯಿಸಿದರು. ಕೆರೆಯಂಚಿನ ಆ ಪುಟ್ಟ ಮರದ ಕೋಣೆಯಲ್ಲಿ ತಾಯಿ ಮಗಳು ಮೊದಲು ಹೋಗಿ ಬೆಂಚಿನ ಮೇಲೆ ಕೂತಿದ್ದರು. ಬಿಸಿಗಲ್ಲಿಗೆ ಸುರಿಯುವ ನೀರು ಹೊತ್ತು ತರುವುದು ಹಿಲ್ಲೆವಿಯ ಪಾಲು. ಬಕೆಟ್ಟು ಹಿಡಿದು ಹೊರಕೋಣೆಗೆ ಬಂದಾಗ ಒಳಗೆ ನಗು ಕೇಳಿಸಿತು. ಬಾಗಿಲು ತೆಳ್ಳಗಿತ್ತು.

"ಕಪ್ಪೆ ಜೌಗಿಗೆ ಕರ್ಕೊಂಡು ಹೋಗಿದ್ದೆ ಕಣೇ! ಒಂದು ಗಂಟೆ ಬಗ್ಗಿ ಬಗ್ಗಿ ಹುಡುಕಿದ್ಳು. ಮೇಲಿಂದ ಥ್ಯಾಂಕ್ಸ್ ಬೇರೆ!"

ಮೆರ್ವಿ ನಕ್ಕು ನಕ್ಕು ಕೆಮ್ಮಿದಳು. "ನಾನು ನಿಜ ಅಂದ್ಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟೆ. ಬೀಗದ ಕೈ ಕೊಡಲ್ಲ ತಾನೆ ಅವ್ಳಿಗೆ?"

"ಬೇಕಾದ್ರೆ ಬರೀ ಮೊಳೆ ಕಿತ್ತು ಕೊಡ್ತೀನಿ, ಇಟ್ಕೊಳ್ಲಿ. ವೆಸಾ ಇಲ್ಲದ ಮೇಲೆ ಅವ್ಳು ನಮ್ಗೆ ಯಾರು? ನೆಂಟಸ್ತಿಕೆ ಅವ್ನ ಜೊತೇನೇ ಹೂಳಿ ಆಯ್ತಲ್ಲ."

ಬಿಸಿಗಲ್ಲಿನ ಮೇಲೆ ನೀರು ಸುರಿದ ಸದ್ದು. ಹಬೆಯ ಬುಸುಗುಟ್ಟುವಿಕೆ. ಆಮೇಲೆ ಮೆರ್ವಿಯ ದನಿ, ಸಣ್ಣಗೆ: "ನಂಗೆ ನಿಜವಾಗ್ಲೂ ಹೇಳ್ತೀಯಲ್ಲಮ್ಮ?"

"ಸಾಯೋವಾಗ."

"ನಿದ್ದೇಲೇ ಹೋಗ್ಬಿಟ್ರೆ?"

"ಹಾಗಾದ್ರೆ ನೀನು ನಿದ್ದೆ ಮಾಡ್ಬೇಡ. ಪಕ್ಕದಲ್ಲಿ ಕಾಯ್ತಾ ಕೂತಿರು."

ಹಿಲ್ಲೆವಿ ಬಕೆಟ್ಟನ್ನು ಸದ್ದಾಗದಂತೆ ಬಾಗಿಲ ಬಳಿ ಇಟ್ಟು ಮೇಲಕ್ಕೆ ಬಂದಳು. ಹನ್ನೆರಡನೆಯ ಮೆಟ್ಟಿಲು ಕಾಲಡಿ ವಾಲಿತು. ಅಡಿಗೆಮನೆಯಲ್ಲಿ ಕಾಫಿಗೆ ನೀರಿಟ್ಟಳು. ಏಲಕ್ಕಿ ಬನ್ನು ಕೊಯ್ದು ತಟ್ಟೆಯಲ್ಲಿ ಜೋಡಿಸಿದಳು.

ಕೆಂಪು ಮುಖ, ಒದ್ದೆ ಕೂದಲು, ತಾಯಿ ಮಗಳು ಬಂದು ಕೂತರು. ಲೆಂಪಿ ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿ, ಬಸಿಯಲ್ಲಿ ಕಾಫಿ ಸುರಿದುಕೊಂಡು ತುಟಿಗೆ ಒಯ್ದಳು.

"ಅತ್ತೆ," ಅಂದಳು ಹಿಲ್ಲೆವಿ, ಇನ್ನೊಂದು ಬನ್ನು ಬೇಕಾ ಎಂದು ಕೇಳುವ ದನಿಯಲ್ಲಿ. "ಇವತ್ತು ನಾವು ಸೀಳುಬಂಡೆಯಿಂದ ಬಲಕ್ಕೆ ಹೋಗ್ಬೇಕಿತ್ತಲ್ವಾ?"

ಬಸಿ ಗಾಳಿಯಲ್ಲೇ ನಿಂತಿತು.

"ರಾಳದ ಗುಂಡಿ ದಾಟಿದ್ರೆ ಮೂರು ದೊಡ್ಡ ಸ್ಪ್ರೂಸ್ ಇದೆ ನೋಡಿ ಅತ್ತಿಗೆ," ಅವಳು ಮೆರ್ವಿಯ ಕಡೆ ತಿರುಗಿದಳು. "ಅದರ ಬುಡದಲ್ಲಿ. ಇಪ್ಪತ್ತು ನಿಮಿಷದ ದಾರಿ, ಅಷ್ಟೇ. ಎರಡು ವರ್ಷದ ಹಿಂದೆ ವೆಸಾ ತೋರಿಸಿದ್ದ."

ಒಲೆಯಲ್ಲಿ ಕಟ್ಟಿಗೆ ಚಟಪಟ ಎಂದಿತು. ಮೆರ್ವಿ ಹಿಲ್ಲೆವಿಯನ್ನು ನೋಡಲಿಲ್ಲ. ತಾಯಿಯನ್ನು ನೋಡಿದಳು.

"ವೆಸಾನಿಗೆ ಗೊತ್ತಿತ್ತಾ?"

"ನಾನು ಹೇಳಿಲ್ಲ," ಅಂದಳು ಲೆಂಪಿ. ಸಕ್ಕರೆ ತುಂಡು ಬಾಯಿಂದ ಜಾರಿ ಮಡಿಲಿಗೆ ಬಿತ್ತು.

"ಸಾಯೋವಾಗ ಅಂತಿದ್ದೆ. ಒಬ್ರಿಗೇ ಅಂತಿದ್ದೆ. ನಾನು ಶನಿವಾರ ಶನಿವಾರ ನಿನ್ನ ಬೆನ್ನುಜ್ಜಿ... ಅವ್ನಿಗೆ ಸುಮ್ನೆ ಹೇಳಿಬಿಟ್ಯಾ?"

"ಇಲ್ಲ ಕಣೇ ಮೆರ್ವಿ! ದೇವರಾಣೆ, ಯಾರಿಗೂ ಹೇಳಿಲ್ಲ ನಾನು. ಇವ್ಳನ್ನೇ ಕೇಳು, ಅವ್ನಿಗೆ ಹೇಗೆ ಗೊತ್ತಾಯ್ತು ಅಂತ. ಕೇಳು!"

ಇಬ್ಬರೂ ಹಿಲ್ಲೆವಿಯ ಕಡೆ ತಿರುಗಿದರು. ಕಾಲುಚೀಲದಲ್ಲಿ ಹಿಂದೆ ಬಂದ ಹುಡುಗನ ಕತೆ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ವಾಕ್ಯ. ಹೇಳಿದ್ದರೆ ಮೆರ್ವಿ ನಕ್ಕುಬಿಡುತ್ತಿದ್ದಳೋ ಏನೋ. ಲೆಂಪಿ ಅತ್ತುಬಿಡುತ್ತಿದ್ದಳೋ ಏನೋ.

"ನೀವೇ ಹೇಳಿದ್ರಂತೆ ಅತ್ತೆ," ಅಂದಳು ಹಿಲ್ಲೆವಿ. "ಮರೆತಿರ್ಬೇಕು." ಮತ್ತೆ ಕೈ ಚಾಚಿ ಒಂದು ಬನ್ನು ತೆಗೆದುಕೊಂಡಳು.

ಬೆಳಕು ಹರಿಯುವ ಮೊದಲೇ ಮೆರ್ವಿ ಹೋಗಿಯಾಗಿತ್ತು. ಒಂಬತ್ತು ಗಂಟೆಗೆ ಬಂದಳು: ಎರಡು ಕೈಯಲ್ಲಿ ಎರಡು ಬಕೆಟ್ಟು, ಸಾಲದ್ದಕ್ಕೆ ಜಾಕೀಟು ಬಿಚ್ಚಿ ತೋಳು ಗಂಟು ಹಾಕಿ ಅದರ ತುಂಬ. ಮೇಜಿನ ಮೇಲೆ ಸುರಿದಳು. ದೊಡ್ಡವು, ನಡುವಿನವು, ಉಗುರಿನಷ್ಟು ಸಣ್ಣ ಮರಿಗಳು. ಅವುಗಳ ಜೊತೆ ಹಸಿರು ಪಾಚಿಯೂ ಚರ್ಮ ಸುಲಿದಂತೆ ಚಕ್ಕೆ ಚಕ್ಕೆ ಎದ್ದು ಬಂದಿತ್ತು. ಲೆಂಪಿ ಒಂದು ಚಕ್ಕೆ ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಮರಿಗಳನ್ನೂ ಕಿತ್ಯಾ? ಪಾಚಿ ಸಮೇತ ಬಗೆದಿದ್ದೀಯಲ್ಲೇ. ಇನ್ನು ಅಲ್ಲಿ ಏಳೋದು ಯಾವಾಗ? ನಮ್ಮಜ್ಜಿ ಅದನ್ನ ಕತ್ತರೀಲಿ..."

"ಸಣ್ಣವಳಿದ್ದಾಗಿಂದ ಕಾದಿದ್ದೀನಿ. ಬಿಟ್ಟು ಬರೋಕೆ ನಂಗೇನು ಹುಚ್ಚಾ?" ಅಂದಳು ಮೆರ್ವಿ. "ಕ್ಲೀನ್ ಮಾಡು ಕೂತು. ಇಬ್ರೂ ಮಾಡಿ."

ಅತ್ತೆ ಸೊಸೆ ಎದುರುಬದುರು ಕೂತು ಮಧ್ಯಾಹ್ನದವರೆಗೆ ಅಣಬೆಯ ಮಣ್ಣು ಕೆರೆದರು. ಮೆರ್ವಿ ಪಂಪಿನ ನೀರು ಬಸಿದಳು, ದೋಣಿ ಮಗುಚಿದಳು, ಕಿಟಕಿಗೆ ಹಲಗೆ ಹೊಡೆದಳು. ಸುತ್ತಿಗೆಯ ಒಂದೊಂದು ಪೆಟ್ಟಿಗೂ ಲೆಂಪಿ ಬೆಚ್ಚುತ್ತಿದ್ದಳು. ಕೆಲಸ ಮುಗಿದ ಮೇಲೆ ಮೆರ್ವಿ ಕೈ ಒರೆಸಿಕೊಂಡು ಒಳಬಂದು, ಶೆಲ್ಫಿನಿಂದ ಪುಸ್ತಕ ತಾನೇ ತೆಗೆದಳು. ತಾಯಿ ಅಭ್ಯಾಸಬಲದಿಂದ ಕನ್ನಡಕಕ್ಕೆ ಕೈ ಹಾಕಿದವಳು ಹಾಗೇ ಕೈ ಇಳಿಸಿದಳು.

"ಅಮ್ಮ, ಮುಂದಿನ ಶರತ್ಕಾಲ ನೀನು ಬರೋದು ಬೇಡ," ಬರೆಯುತ್ತಲೇ ಹೇಳಿದಳು ಮೆರ್ವಿ. "ಮಂಡಿ ಹೋಗಿತ್ತು, ಈಗ ತಲೇನೂ ಹೋಗ್ತಿದೆ. ಕಾಡಲ್ಲಿ ಎಲ್ಲೋ ದಾರಿ ತಪ್ಪಿದ್ರೆ ಯಾರು ಹುಡುಕ್ತಾರೆ? ಪಟ್ಟಣದಲ್ಲಿ ಬೆಚ್ಚಗಿರು."

"ಇದು ನನ್ನ ಮನೆ ಕಣೇ."

"ಇಲ್ಲ ಅಂದೋರು ಯಾರು?"

ಮೊಳೆಗಳಲ್ಲಿದ್ದ ಮೂರೂ ಬೀಗದ ಕೈಗಳನ್ನು ಮೆರ್ವಿ ಒಂದೇ ಮುಷ್ಟಿಯಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಬಿಲ್ಲೆಗಳು ಒಂದಕ್ಕೊಂದು ತಾಗಿ ಟಕಟಕ ಅಂದವು. ಹಿಲ್ಲೆವಿಯ ಕಣ್ಣು ಆ ಜೇಬಿನ ಮೇಲೇ ಇತ್ತು. ಮೆರ್ವಿ ಅದನ್ನು ಗಮನಿಸಿದಳು.

"ನಿಂಗೂ ಥ್ಯಾಂಕ್ಸ್, ಹೇಳಿದ್ದಕ್ಕೆ. ಬರ್ಬೇಕು ಅನ್ನಿಸಿದ್ರೆ ಮೊದ್ಲು ಫೋನ್ ಮಾಡು. ಆ ಸೊಟ್ಟ ಮೆಟ್ಟಿಲು ಮಾತ್ರ ಕೀಳಿಸ್ತೀನಿ, ಯಾರಾದ್ರೂ ಬಿದ್ದಾರು."

ಹೊರಡುವ ಗಡಿಬಿಡಿಯಲ್ಲಿ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಹಿಲ್ಲೆವಿ ಓದಿದಳು. ಅವಳ ಭುಜದ ಮೇಲಿಂದ ಬಗ್ಗಿ ಲೆಂಪಿಯೂ ಓದಿದಳು, ತುಟಿ ಆಡಿಸುತ್ತಾ, ಒಂದೊಂದೇ ಅಕ್ಷರ:

'ಬಿಸಿಲು. ನಾಲ್ಕು ಡಿಗ್ರಿ. ಆಲಿಕೆ ಅಣಬೆ ಇಪ್ಪತ್ತೆಂಟು ಲೀಟರ್. ಮನೆ ಮುಚ್ಚಿಯಾಯಿತು. ಇಬ್ಬರು ಅತಿಥಿಗಳು ನೆರವಾದರು.'

ಕಾರಿನ ಮುಂದಿನ ಸೀಟಿನಲ್ಲಿ ಅಣಬೆಯ ಬಕೆಟ್ಟುಗಳು ಕೂತಿದ್ದವು, ಬೆಲ್ಟು ಕಟ್ಟಿಸಿಕೊಂಡು. ಅತ್ತೆ ಸೊಸೆಗೆ ಹಿಂದಿನ ಸೀಟು. ಕಾಡಿನ ರಸ್ತೆ ಕುಲುಕುತ್ತಿತ್ತು. ಎರಡೂ ಬದಿಗೆ ಆ ಚೆಂದದ ಕೆಂಪು, ಹಳದಿ, ಮುಗಿಯದಂತೆ. ಲೆಂಪಿ ಸೊಸೆಯ ತೋಳು ಮುಟ್ಟಿದಳು. ಹನ್ನೆರಡು ವರ್ಷದಲ್ಲಿ ಅಣಕವಿಲ್ಲದೆ ಅವಳಾಗಿ ಮುಟ್ಟಿದ್ದು ಅದೇ ಮೊದಲು.

"ಹಿಲ್ಲೆವಿ," ಅಂದಳು. ಹೆಸರು ಹಿಡಿದು ಕರೆದದ್ದೂ ಅದೇ ಮೊದಲು. "ನಿಜ ಹೇಳು. ನಾನು ಅವ್ನಿಗೆ ಹೇಳಿದ್ನಾ?"

ಕನ್ನಡಿಯಲ್ಲಿ ಮೆರ್ವಿಯ ಕಣ್ಣು ಕಾಣುತ್ತಿತ್ತು. ಮುದುಕಿಯ ಬೆರಳ ಸಂದಿಯಲ್ಲಿ ಅಣಬೆಯ ಮಣ್ಣು ಇನ್ನೂ ಹಾಗೇ ಇತ್ತು. ಬಿಸಿಲಿಗೆ ಕಣ್ಣು ಕಿರಿದಾಗಿಸಿ ಅವಳು ಕಾಯುತ್ತಿದ್ದಳು, ಏನು ಹೇಳಿದರೂ ನಂಬಲು ಸಿದ್ಧವಾಗಿ.

"ಹೂಂ ಅತ್ತೆ, ಹೇಳಿದ್ರಿ. ಅವ್ನು ಏಳು ವರ್ಷದವನಿದ್ದಾಗ. ಕೈ ಹಿಡಿದು ಕರ್ಕೊಂಡು ಹೋಗಿದ್ರಂತೆ."

"ಕೈ ಹಿಡಿದು," ಅಂದಳು ಲೆಂಪಿ. ತಲೆಯಾಡಿಸಿದಳು. ಆ ಪುಟ್ಟ ಕೈ ನೆನಪಿಗೆ ಬರುತ್ತದೇನೋ ಎಂಬಂತೆ ಅಂಗೈ ಬಿಚ್ಚಿ ನೋಡಿಕೊಂಡಳು. ಆಮೇಲೆ ಬೆರಳು ಮಡಚುತ್ತಾ ತನ್ನೊಳಗೇ ಗೊಣಗತೊಡಗಿದಳು. "ಸೀಳುಬಂಡೆ... ಅಲ್ಲಿಂದ ಎಡಕ್ಕೆ. ಅಲ್ಲ, ಬಲಕ್ಕೆ. ಎಡಕ್ಕಲ್ವಾ? ಹಿಲ್ಲೆವಿ, ಎಡಕ್ಕಾ, ಬಲಕ್ಕಾ?"

ಹಿಲ್ಲೆವಿ ಕಿಟಕಿಯ ಗಾಜು ಏರಿಸಿದಳು. ಚಳಿ ಒಳಗೆ ಬರುತ್ತಿತ್ತು.